ಬೆಳ್ಳಗಿನ ಬ್ಯಾಂಡೇಜು

ಮನೆಗೇ ಬಂದು ಶುಶ್ರೂಷೆ ಮಾಡುವ ಏಜೆನ್ಸಿಗಳು ರಾಜ್ಯದಲ್ಲಿ ನೂರಾ ಹನ್ನೆರಡಿವೆ ಎಂದು ಆರೋಗ್ಯ ಇಲಾಖೆಯ ಪಟ್ಟಿ ಹೇಳುತ್ತಿತ್ತು. ಇಪ್ಪತ್ತಾರಕ್ಕೆ ಫೋನ್ ಮಾಡಿದೆ. ಒಂಬತ್ತು ಕಡೆ ಯಾರೂ ಎತ್ತಲಿಲ್ಲ. ಮಿಕ್ಕ ಮಹಾನುಭಾವರಿಗೆ ನಮ್ಮ ಬಡಾವಣೆ ದೂರವಂತೆ, ನಾವೇನೋ ಚಂದ್ರಲೋಕದಲ್ಲಿ ಮನೆ ಮಾಡಿದ್ದೇವೆ ಎಂಬಂತೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಹಿಮ್ಮಡಿಯಲ್ಲಿ ಹುಣ್ಣು. ದಿನವೂ ತೊಳೆದು ಡ್ರೆಸ್ಸಿಂಗ್ ಮಾಡದಿದ್ದರೆ ಕಾಲೇ ಹೋದೀತೆಂದು ಡಾಕ್ಟರು ಹೆದರಿಸಿದ್ದರು. ನಾನೋ, ರಕ್ತ ಕಂಡರೆ ತಲೆ ಸುತ್ತಿ ಬೀಳುವವಳು.

ಕೊನೆಗೆ ಐದು ಸ್ಟಾರಿನ ಏಜೆನ್ಸಿಯೊಂದು ದೊಡ್ಡ ಮನಸ್ಸು ಮಾಡಿತು. ಬಂದ ನರ್ಸಮ್ಮ ಕಾಲು ನೋಡುವ ಮೊದಲು ಕಿಟಕಿ ನೋಡಿದಳು.

"ಇವರನ್ನ ಬೆಳಕಿಗೆ ಕೂರ್ಸೋಣ ಮೇಡಮ್. ಫೋಟೊ ಚೆನ್ನಾಗಿ ಬರಬೇಕು."

ಅದು ಅವರ ಪದ್ಧತಿ. ಕಟ್ಟಿ ಮುಗಿದ ಮೇಲೆ ಬ್ಯಾಂಡೇಜಿನ ಫೋಟೊ ಆಫೀಸಿಗೆ ಹೋಗಬೇಕು. ಸುಕ್ಕಿಲ್ಲದೆ ಬೆಳ್ಳಗಿದ್ದರೆ ಪೂರ್ತಿ ಅಂಕ. ಅವಳು ಕೆಲಸ ಮಾಡುವಷ್ಟು ಹೊತ್ತೂ ನಾನು ಅಡುಗೆಮನೆಯಲ್ಲಿ ಅಡಗಿರುತ್ತಿದ್ದೆ. ಹೊರಡುವಾಗ ಫೋಟೊ ತೋರಿಸುತ್ತಿದ್ದಳು. "ಅಬ್ಬಾ, ಎಷ್ಟು ನೀಟು!" ಎಂದು ಐದೂ ಸ್ಟಾರ್ ಒತ್ತಿ ಕಳಿಸುತ್ತಿದ್ದೆ.

ಇಪ್ಪತ್ತೆರಡನೆಯ ದಿನ ಅಪ್ಪನಿಗೆ ಜ್ವರ ಏರಿತು. ಆಸ್ಪತ್ರೆಯಲ್ಲಿ ಡಾಕ್ಟರು ಬ್ಯಾಂಡೇಜು ಬಿಚ್ಚಿದರು. ಮೇಲೆ ಹೊಚ್ಚ ಹೊಸ ಸುತ್ತು. ಅದರಡಿಯಲ್ಲಿ ಮೊದಲ ದಿನದ ಬಟ್ಟೆ, ಮಾಂಸಕ್ಕೆ ಅಂಟಿ ಕಪ್ಪಗಾಗಿತ್ತು. ಆ ಮಹಾತಾಯಿ ಹುಣ್ಣನ್ನು ತೊಳೆದೇ ಇರಲಿಲ್ಲ. ದಿನವೂ ಮೇಲಿನ ಸುತ್ತನ್ನಷ್ಟೇ ಬದಲಿಸಿ ಫೋಟೊ ಹೊಡೆದಿದ್ದಳು. ಮಾರನೆಯ ದಿನ ಅಪ್ಪನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಏಜೆನ್ಸಿಯ ಮ್ಯಾನೇಜರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಆತನ ದನಿ ಬೆಣ್ಣೆಯಂತಿತ್ತು.

"ಇಪ್ಪತ್ತೊಂದು ಫೋಟೊನೂ ನಮ್ಮ ಹತ್ರ ಇದೆ ಮೇಡಮ್. ಒಂದ್ರಲ್ಲೂ ಹುಣ್ಣೇ ಕಾಣಲ್ವಲ್ಲ!"

"ಕಟ್ಟಿದ ಮೇಲೆ ಹುಣ್ಣು ಹೇಗ್ರೀ ಕಾಣತ್ತೆ?"

"ನೀವೇ ದಿನಾ ಐದು ಸ್ಟಾರ್ ಕೊಟ್ಟಿದ್ದೀರಿ."

ಥೂ, ಇವರ ಸ್ಟಾರಿಗೆ ಬೆಂಕಿ ಬೀಳ! ವಾರ್ಡಿಗೆ ಬಂದು ಅಪ್ಪನ ಮುಂದೆ ಆ ಮ್ಯಾನೇಜರ್, ಆ ನರ್ಸಮ್ಮ, ಪಟ್ಟಿ ಮಾಡಿದ ಇಲಾಖೆ, ಎಲ್ಲರ ಜನ್ಮ ಜಾಲಾಡಿದೆ. ಅಪ್ಪ ನನ್ನ ಕೈ ಹಿಡಿದುಕೊಂಡರು.

"ಸಾಕು ಬಿಡು ಮಗಳೇ. ನಂಗೆ ಗೊತ್ತಿತ್ತು."

"ಏನು ಗೊತ್ತಿತ್ತಪ್ಪಾ?"

"ವಾಸನೆ ಶುರುವಾಗಿ ವಾರ ಆಗಿತ್ತು. ಔಷಧಿದು ಅಂತ ನೀನೇ ಅಂದ್ಯಲ್ಲ. ಫೋಟೊ ನೋಡಿ ನೀನು ಅಷ್ಟು ಖುಷಿ ಪಡ್ತಿದ್ದೆ. ಹೇಗೆ ಹೇಳ್ಲಿ?"

ಬೈಯಲು ನನಗೆ ಇನ್ಯಾರೂ ಉಳಿಯಲಿಲ್ಲ. ಆ ಮೂರು ವಾರದಲ್ಲಿ ಅಪ್ಪನ ಕಾಲ ಬಳಿ ನಾನು ಒಂದು ಸಲವೂ ಕೂತಿರಲಿಲ್ಲ.