ತೊಳೆಯದ ಪಂಪಿನ ಸಿಟ್ಟು

ನಾನು ಒಂದು ಔಷಧಿ ಪಂಪು. ಬೆನ್ನಿಗೆ ಹಾಕಿಕೊಂಡು ಹೊಲದಲ್ಲಿ ಔಷಧಿ ಹೊಡೆಯುತ್ತಾರಲ್ಲ, ಅದೇ. ಹದಿನಾರು ಲೀಟರ್ ಹಿಡಿಯುತ್ತೇನೆ. ಕಾರ್ಖಾನೆಯ ಅಚ್ಚಿನಿಂದ ಹೊರಬಂದ ದಿನ ನನ್ನೊಳಗೆ ಒಂದು ಚೀಟಿ ಇಟ್ಟಿದ್ದರು: ಪ್ರತಿಸಲ ಬಳಸಿದ ಮೇಲೆ ಮೂರು ಬಾರಿ ತೊಳೆಯಿರಿ. ಗುಂಡ್ಲುಪೇಟೆಯ ಅಂಗಡಿಯ ಮೆಟ್ಟಿಲಲ್ಲೇ ಅದನ್ನು ಬಿಸಾಕಿದರು.

ಮೊದಲು ಕೊಂಡವನು ಚೆಂಡುಹೂ ಬೆಳೆಯುತ್ತಿದ್ದ. ಬೂಷ್ಟು ಸಾಯಿಸುವ ನೀಲಿ ಔಷಧಿಯನ್ನು ಎರಡು ವರ್ಷ ನನ್ನಿಂದ ಹೊಡೆಸಿದ, ಒಂದು ದಿನವೂ ತೊಳೆಯಲಿಲ್ಲ. ತಳದಲ್ಲಿ ವಿಷ ಗಟ್ಟಿಯಾಗಿ ಅಂಟಿತು. ಆಮೇಲೆ ನನ್ನನ್ನು ಶಿವಮಲ್ಲುವಿಗೆ ಮಾರಿದ. ಶಿವಮಲ್ಲು ಒಳಗೆ ಇಣುಕಿಯೂ ನೋಡದೆ ಅದೇ ಔಷಧಿಯನ್ನು ಮುಂದುವರಿಸಿದ.

ಅವನ ಪಕ್ಕದ ಹೊಲ ಅತ್ತಿಗೆ ಪುಟ್ಟತಾಯಮ್ಮನದು. ಗಂಡ ತೀರಿಕೊಂಡ ಮೇಲೆ ಸಾಂಬಾರ್ ಈರುಳ್ಳಿಯನ್ನು ಆಕೆ ಒಬ್ಬಳೇ ಬೆಳೆಯುತ್ತಿದ್ದಳು. ಎರಡು ಬೆಳೆ ಸೊರಗು ರೋಗಕ್ಕೆ ಹೋಗಿತ್ತು. ಗರಿ ತಿರುಚಿ ಹಳದಿಯಾಗುವುದು, ಕಿತ್ತರೆ ಗಡ್ಡೆಯ ಬುಡ ಕೊಳೆತು ಕೈಗೆ ಬರುವುದು. ಮೂರನೆಯ ಸಲ ಆಕೆ ಕೃಷಿ ತರಬೇತಿಗೆ ಹೋಗಿ ಟ್ರೈಕೋಡರ್ಮ ಪುಡಿ ತಂದಳು. ಅದೂ ಬೂಷ್ಟೇ, ಆದರೆ ಮಣ್ಣಿನಲ್ಲಿ ಬೆಳೆದು ರೋಗದ ಬೂಷ್ಟನ್ನು ಅಡಗಿಸುವ ಒಳ್ಳೆಯ ಬೂಷ್ಟು. ಪುಡಿಯನ್ನು ನೀರಿಗೆ ಕಲಸಿ ಸೋಸಿ, ಸಾಲಿನ ಬುಡಕ್ಕೆ ಬಿಡಲು ಶಿವಮಲ್ಲುವಿನ ಹತ್ತಿರ ನನ್ನನ್ನು ಎರವಲು ಕೇಳಿದಳು.

"ಪಂಪು ತೊಳ್ದಿದ್ದೀಯೇನಪ್ಪ?"

"ತೊಳ್ದಿವ್ನಿ ಕನತ್ಗೆ, ತಕೊಂಡೋಗಿ," ಎಂದ ಶಿವಮಲ್ಲು.

ಸುಳ್ಳು! ನನಗೆ ಬಾಯಿದ್ದಿದ್ದರೆ ಅಲ್ಲೇ ಕೂಗುತ್ತಿದ್ದೆ. ಆಕೆ ಸುರಿದ ಕೋಟಿ ಕೋಟಿ ಜೀವಗಳು ನನ್ನ ಹೊಟ್ಟೆಯಲ್ಲೇ ಸತ್ತವು. ಸತ್ತ ನೀರನ್ನು ಹೊತ್ತು ಆಕೆ ನಂಬಿಕೆಯಿಂದ ಸಾಲು ಸಾಲು ನಡೆದಳು. ಬೆವರಿದ ಆ ಬೆನ್ನ ಮೇಲೆ ಕೂತು ನಾನು ಉರಿದುಹೋದೆ.

ತಿಂಗಳಲ್ಲಿ ಬೆಳೆ ಸೊರಗಿತು. ಶಿವಮಲ್ಲು ಟೀ ಅಂಗಡಿಯ ಮುಂದೆ ನಾಲ್ಕು ಜನರ ಎದುರಿಗೇ ನಕ್ಕ. "ಹೆಂಗ್ಸು ಟ್ರೈನಿಂಗ್‌ಗೆ ಹೋದ್ರೆ ಹಿಂಗೇಯ. ಆ ಪುಡಿ ಬರೀ ಮೋಸ ಕನ್ರಪ್ಪ!"

ಅದು ಕಿವಿಗೆ ಬಿದ್ದು ಪುಟ್ಟತಾಯಮ್ಮ ಹೊಲಕ್ಕೆ ಬಂದಳು. ಕೊನೆಯ ಎರಡು ಸಾಲು ಮಾತ್ರ ಹಸಿರಾಗಿ ನಿಂತಿದ್ದವು. ಅವಳಿಗೆ ನೆನಪಾಯಿತು: ಅಂದು ಬಕೆಟ್ಟಿನಲ್ಲಿ ಮಿಕ್ಕ ನೀರನ್ನು ಪಂಪಿಗೆ ಹಾಕದೆ ಚೊಂಬಿನಲ್ಲೇ ಹೊಯ್ದಿದ್ದಳು. ಅದೇ ಪುಡಿ, ಅದೇ ನೀರು. ಸೀದಾ ಶಿವಮಲ್ಲುವಿನ ಜಗಲಿಗೆ ಬಂದು ನನ್ನ ಮುಚ್ಚಳ ತೆಗೆದು ಮೂಸಿದಳು. ತಳ ಕೆರೆದಾಗ ಉಗುರಿಗೆ ನೀಲಿ ಗಸಿ ಹತ್ತಿತು.

"ಇದೇನು ಶಿವಮಲ್ಲು? ಇದಾ ನೀನು ತೊಳ್ದಿದ್ದು?"

"ಮರ್ತೋಯ್ತು ಕನತ್ಗೆ. ಅದಕ್ಯಾಕೆ ಇಷ್ಟೊಂದು..."

"ನನ್ನ ಬೆಳೆ ಹಾಳ್ಮಾಡ್ದೆ. ಮ್ಯಾಲೆ ಊರ ಮುಂದೆ ನನ್ನ ಮಾನಾನೂ ತಗ್ದೆ!"

ಆಕೆ ನನ್ನನ್ನು ಎತ್ತಿಕೊಂಡು ಹೋಗಿ ತನ್ನ ಹೊಲದ ಶೆಡ್ಡಿಗೆ ಎಸೆದಳು. "ಇದು ಇನ್ನು ಯಾರ ಬೆನ್ನಿಗೂ ಏರ್ಬಾರ್ದು," ಎಂದಳು. ನನಗೆ ಒಪ್ಪಿಗೆಯಿತ್ತು.

ಮುಂದಿನ ಬೆಳೆಗೆ ಪುಡಿಯನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಹೊದಿಸಿ ಹದಿನೈದು ದಿನ ಕಾದಳು. ಗೊಬ್ಬರದ ಮೇಲೆ ಹಸಿರು ಬೂಷ್ಟು ಹರಡಿತು. ಅದನ್ನು ಸಾಲಿಗೆ ಹಾಕಿ ಗಡ್ಡೆ ನೆಟ್ಟಳು. ಅಲ್ಲೊಂದು ಇಲ್ಲೊಂದು ಗಿಡ ಸತ್ತಿತು. ಉಳಿದ ಹೊಲವೆಲ್ಲ ನಿಂತಿತು.

ಸುದ್ದಿ ಕೇಳಿ ಪುಡಿಯ ಕಂಪನಿಯವರು ಬಂದರು. ಆಕೆ ಕಿತ್ತ ಗಡ್ಡೆಯ ಗೊಂಚಲನ್ನು, ಗಂಡಸು ಇರಲಿ ಎಂದು ಪಕ್ಕದ ಹೊಲದ ಶಿವಮಲ್ಲುವಿನ ಕೈಗೆ ಕೊಟ್ಟು ಫೋಟೊ ತೆಗೆದರು. ವಾರದಲ್ಲಿ ಆಕೆಯ ಹೊಲದ ಬದುವಿನಲ್ಲಿ ಆ ಫೋಟೊ ಹಾಕಿದ ಬೋರ್ಡು ಎದ್ದಿತು: 'ಪ್ರಗತಿಪರ ರೈತ ಶಿವಮಲ್ಲು ಅವರ ಯಶಸ್ಸಿನ ತಾಕು.'

ಪುಟ್ಟತಾಯಮ್ಮ ಅದನ್ನು ಓದಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈಯಿಂದ ಅಲ್ಲಾಡಿಸಿ ಕಿತ್ತಳು. ಶಿವಮಲ್ಲು ಓಡಿಬಂದ.

"ಅತ್ಗೆ, ಕಂಪ್ನಿಯವ್ರು ಏನಂದಾರು?"

"ಬಂದು ನನ್ನ ಕೇಳ್ಲಿ. ಹೊಲ ನಂದು."

ಈಗ ನನಗೆ ವಯಸ್ಸಾಗಿದೆ. ಪಟ್ಟಿ ಹರಿದಿದೆ, ಹಿಡಿ ಮುರಿದಿದೆ. ಶೆಡ್ಡಿನ ಮೂಲೆಯಲ್ಲಿ ಆಕೆ ತಂದೆಸೆದ ಆ ಬೋರ್ಡು ನನ್ನ ಮೇಲೇ ಬಿದ್ದಿದೆ, ಶಿವಮಲ್ಲುವಿನ ನಗುಮುಖ ಗೋಡೆಯ ಕಡೆಗೆ. ಭಾರವೇನೋ ಇದೆ. ಆದರೂ ಹೊತ್ತುಕೊಂಡಿದ್ದೇನೆ, ಅದು ಮತ್ತೆ ಎದ್ದು ನಿಲ್ಲಬಾರದು ಎಂದು.