ಇಬ್ಬರು ನಿಲ್ಲುವಷ್ಟು ಜಾಗ

"ಅಡುಗೆಮನೆ ಬಾಗಿಲೂ ಬೇಡ್ವಾ ಅಮ್ಮಾ?" ಬಡಗಿ ಇನ್ನೊಮ್ಮೆ ಕೇಳಿದ.

"ಬೇಡಪ್ಪ, ಕಿತ್ತುಹಾಕು. ತೆರೆದ್ರೆ ಒಬ್ಬರ ಜಾಗ ಅದೇ ನುಂಗುತ್ತೆ."

ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಆಕೆ ಕತ್ತಿನ ಟೇಪು ತೆಗೆದು ಅಡುಗೆಕಟ್ಟೆಯಿಂದ ಗೋಡೆಯವರೆಗೆ ಮತ್ತೆ ಅಳೆದರು. ಫ್ರಿಜ್ ಆಗಲೇ ಹಾಲಿಗೆ ಬಂದು ಹೊಲಿಗೆ ಮಿಷಿನ್ನಿನ ಪಕ್ಕ ಕೂತಿತ್ತು. ತಲೆಗೆ ತಾಗುತ್ತಿದ್ದ ಕಪಾಟುಗಳು ಹೋಗಿ ಎರಡು ಹಲಗೆ ಉಳಿದಿದ್ದವು. ತಳ ಹೋದ ಪಾತ್ರೆ, ಮುಚ್ಚಳ ಕಳೆದುಕೊಂಡ ಡಬ್ಬಿ, ಯಾವತ್ತಾದರೂ ಬೇಕಾದೀತು ಎಂದು ಕೂಡಿಟ್ಟ ಬಾಟಲಿ, ಎಲ್ಲವನ್ನೂ ಗುಜರಿಯವನು ಹೊತ್ತೊಯ್ದಿದ್ದ. ಮಸಿ ಹಿಡಿದ ಹಸಿರು ಗೋಡೆಗಳು ಹಾಲುಬಿಳುಪಿಗೆ ತಿರುಗಿದ್ದವು.

"ನಾನು ಒಲೆ ಹತ್ರ ನಿಂತಿರ್ತೀನಿ. ನೀನು ಹಿಂದಿನಿಂದ ದಾಟು ನೋಡೋಣ."

ಬಡಗಿ ಎಲ್ಲೂ ತಾಗದೆ ದಾಟಿದ. "ಇನ್ನೇನಮ್ಮ, ಇಲ್ಲಿ ಮೆರವಣಿಗೇನೇ ಹೋಗಬಹುದು!"

ಟೈಲರಮ್ಮ ಬಹಳ ದಿನದ ಮೇಲೆ ಬಾಯಿ ತುಂಬ ನಕ್ಕರು.

ತವರಿಗೆ ಹೊರಟ ದಿನ ಸೊಸೆ ಆಡಿದ್ದು ಒಂದೇ ಮಾತು: "ಆ ಅಡುಗೆಮನೇಲಿ ನಂಗೆ ಉಸಿರು ಕಟ್ಟುತ್ತೆ." ಟೈಲರಮ್ಮ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು. "ಅದು ಜಾಗದ ಮಾತಲ್ಲಮ್ಮ" ಎಂದು ಮಗ ಒಮ್ಮೆ ಹೇಳಿದ್ದ. ಬಿಡಿಸಿ ಹೇಳುವ ಜಾಯಮಾನ ಅವನದಲ್ಲ. ಇವತ್ತು ಅವಳು ಬರುತ್ತಾಳೆ ಎಂದೂ ಅವನೇ ತಿಳಿಸಿದ. ಯಾಕೆ ಎಂದು ಟೈಲರಮ್ಮ ಕೇಳಲಿಲ್ಲ.

ಬಡಗಿ ಹೋದ ಮೇಲೆ ಸೊಸೆ ಅಣ್ಣನ ಜೊತೆ ಬಂದಳು. ಅಣ್ಣ ಗಾಡಿ ಬಿಟ್ಟು ಇಳಿಯಲಿಲ್ಲ, ಮಗ ಹಾಲ್ ಬಿಟ್ಟು ಕದಲಲಿಲ್ಲ. ಅವಳು ಕೋಣೆಯಿಂದ ಬಟ್ಟೆಯ ಚೀಲ ತಂದು ಹೊರಗಿಟ್ಟು, ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತುಬಿಟ್ಟಳು.

"ಎಷ್ಟೊಂದು ಬೆಳಕು!"

ಟೈಲರಮ್ಮನ ಮುಖ ಊರಗಲವಾಯಿತು. ಎಳೆಯುವ ಡ್ರಾಯರು, ಗೋಡೆಗೆ ಮಡಚಿಕೊಳ್ಳುವ ಮೇಜು, ತೋರಿಸಿದ್ದೇ ತೋರಿಸಿದ್ದು. "ನೀನಿಲ್ಲಿ ಹೆಚ್ಕೊಂಡಿರು, ನಾನಲ್ಲಿ. ಒಬ್ಬರಿಗೊಬ್ಬರು ಅಡ್ಡಾನೇ ಬರಲ್ಲ ಕಣೆ."

"ಅತ್ತೆ," ಎಂದಳು ಸೊಸೆ, "ನಾನು ತೊಳೆದಿಟ್ಟ ಲೋಟಾನ ನೀವು ಇನ್ನೊಂದ್ಸಲ ತೊಳೀತಿದ್ರಿ. ನಾನು ಹಾಕಿದ ಉಪ್ಪಿನ ಮೇಲೆ ಇನ್ನೊಂದು ಚಿಟಿಕೆ ಹಾಕ್ತಿದ್ರಿ. ದಿನಾ. ನಿಮಗದು ಗೊತ್ತೂ ಆಗ್ತಿರಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಟೈಲರಮ್ಮನಿಗೆ ಅಷ್ಟು ದಿಗಿಲಾಗುತ್ತಿರಲಿಲ್ಲ.

"ಅಷ್ಟಕ್ಕೆಲ್ಲಾ ಯಾರಾದ್ರೂ..."

"ಇವರಿಗೆ ಹೇಳಿದ್ರೆ, 'ಅಮ್ಮ ಇರೋದೇ ಹಾಗೆ' ಅಂತ ಉಂಡು ಎದ್ದು ಹೋಗೋರು."

"ಇನ್ಮೇಲೆ ನಾನು ಒಳಗೇ ಬರಲ್ಲಮ್ಮ. ಹಾಲಲ್ಲೇ ಹೊಲ್ಕೊಂಡು ಬಿದ್ದಿರ್ತೀನಿ."

"ನಂಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ ಅತ್ತೆ. ನಾನೊಬ್ಬಳೇ ಹೋಗೋದು ಅಂತ ನಾವಿಬ್ಬರೂ ಮಾತಾಡಿ ಮುಗಿಸಿದ್ದೀವಿ. ಇವರು ನಿಮಗೆ ಹೇಳಿಲ್ವಾ?"

ಟೈಲರಮ್ಮ ಹಾಲ್ ಕಡೆ ನೋಡಿದರು. ಮಗ ನೆಲ ನೋಡುತ್ತ ನಿಂತಿದ್ದ.

ಸೊಸೆ ತನ್ನ ಪಾತ್ರೆಗಳನ್ನು ಕೇಳಿದಳು. ಟೈಲರಮ್ಮನೇ ಒಂದೊಂದಾಗಿ ಇಳಿಸಿ, ಗೀರು ಬೀಳದಂತೆ ಹಳೆಯ ಬಟ್ಟೆಯ ತುಂಡು ಸುತ್ತಿಕೊಟ್ಟರು. "ಬಾಣಲೆ ಹಿಡಿ ಸಡಿಲ ಆಗಿದೆ. ಬಿಗಿ ಮಾಡಿಸ್ಕೊ" ಎನ್ನುತ್ತ ಅದಕ್ಕೆ ಬಟ್ಟೆಯನ್ನು ಇನ್ನೊಂದು ಸುತ್ತು ಸುತ್ತಿದರು.

"ಚೆನ್ನಾಗಿ ಮಾಡಿಸಿದ್ದೀರಿ ಅತ್ತೆ," ಎಂದಷ್ಟೇ ಹೇಳಿ ಅವಳು ಹೊರಟಳು.

ಖಾಲಿಯಾದ ಹಲಗೆಗಳ ಮುಂದೆ ಟೈಲರಮ್ಮ ನಿಂತೇ ಇದ್ದರು. ಮಗ ಹೊಸ್ತಿಲವರೆಗೆ ಬಂದ.

"ಬಾರೋ ಒಳಗೆ," ಎಂದರು.

ಅವನು ಬರಲಿಲ್ಲ. ಹೊರಗೆ ಗಾಡಿ ಹೊರಟಿತು. ಬೀದಿಯ ತುದಿಯ ಉಬ್ಬು ಹತ್ತಿ ಇಳಿಯುವಾಗ ಪಾತ್ರೆಗಳೆಲ್ಲ ಒಮ್ಮೆ ಸದ್ದು ಮಾಡಿ ಸುಮ್ಮನಾದವು.