ಒಣ ರಸ್ತೆಯ ಟೈರು

ಊರಿನವರೆಲ್ಲ ಅವನನ್ನು 'ಡಾಕ್ಟ್ರೇ' ಎಂದು ಕರೆಯುತ್ತಿದ್ದರು. ಅವನು ಡಾಕ್ಟರಲ್ಲ, ಕಣ್ಣು ಪರೀಕ್ಷಿಸಿ ಕನ್ನಡಕ ಮಾಡಿಕೊಡುವವನು. ಆದರೂ ಹಾಗೆ ಕರೆದವರನ್ನು ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಕೆಲಸದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಕಾಲು ಪಾಯಿಂಟ್ ಹೆಚ್ಚುಕಮ್ಮಿಯಾದರೂ ಗಾಜನ್ನು ವಾಪಸ್ ಕಳಿಸುವವನು. ಮುಖಕ್ಕೆ ಒಪ್ಪುತ್ತದೆಂದು ಸಲ್ಲದ ಫ್ರೇಮು ಎತ್ತಿಕೊಳ್ಳುವವರಿಗೆ, "ಕನ್ನಡಕ ಇರೋದು ನೋಡೋಕೆ, ನೋಡಿಸ್ಕೊಳ್ಳೋಕಲ್ಲ" ಎಂದು ಗದರುತ್ತಿದ್ದ. ಇಪ್ಪತ್ತು ವರ್ಷದಿಂದ ಅದೇ ಮಾತು. ಕೇಳಿದವರು ನಕ್ಕು, ಅವನು ತೋರಿಸಿದ್ದನ್ನೇ ಹಾಕಿಕೊಂಡು ಹೋಗುತ್ತಿದ್ದರು.

ನಲವತ್ತೈದು ತುಂಬಿದ ವರ್ಷ ಅವನು ಸ್ಪೋರ್ಟ್ಸ್ ಬೈಕ್ ಕೊಂಡ. ಯಾರೋ ಓಡಿಸಿ ಬಿಟ್ಟಿದ್ದು, ಕೆಂಪು ಬಣ್ಣ, ಮುಂದಕ್ಕೆ ಬಾಗಿ ಕೂರುವಂಥದು. ಹೆಂಡತಿ ಅದರ ಸುತ್ತ ಒಮ್ಮೆ ಬಂದು, "ಇದರ ಮೇಲೆ ಕೂತ್ರೆ ನಿಮ್ಮ ಸೊಂಟ ನೆಟ್ಟಗಿರುತ್ತಾ?" ಎಂದು ಕೇಳಿ ಒಳಗೆ ಹೋದಳು. ಅಕ್ಕ ಮಾತ್ರ ಬಾಯಿ ತುಂಬ ಹೊಗಳಿದಳು. ಅವನಿಗಿಂತ ಹತ್ತು ವರ್ಷ ದೊಡ್ಡವಳು, ಅಮ್ಮ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಮುಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಕೋಟಿನ ಬಟ್ಟೆ ಕತ್ತರಿಸುವುದರಲ್ಲಿ ಅವಳದು ಎತ್ತಿದ ಕೈ. ತಮ್ಮನಿಗೆ ಏನು ಸಿಕ್ಕರೂ ತನಗೇ ಸಿಕ್ಕಿತೆಂದು ಹಿಗ್ಗುವ ಹೆಂಗಸು.

ಬೈಕಿನ ಟೈರುಗಳು ಸವೆದಿದ್ದವು. ಮೋಡ ಕಟ್ಟತೊಡಗಿದ ವಾರ ಅವನು ಗಾಳಿಯಣ್ಣನ ಅಂಗಡಿಗೆ ಹೋದ. ಸೈಕಲ್ಲಿಗೆ ಗಾಳಿ ಹಾಕುತ್ತ ಶುರುಮಾಡಿದ ಮನುಷ್ಯ ಈಗ ಟೈರಿನ ಅಂಗಡಿ ಇಟ್ಟಿದ್ದರೂ ಹಳೆಯ ಹೆಸರೇ ಅಂಟಿಕೊಂಡಿತ್ತು. ಅರವತ್ತು ದಾಟಿದವನು, ಮಾತು ಕಡಿಮೆ. ಬೈಕನ್ನು ನೋಡಿ, ಒಳಗಿನಿಂದ ಒಂದು ಟೈರನ್ನು ಉರುಳಿಸಿಕೊಂಡು ಬಂದ.

"ಮಳೆ ಶುರುವಾಗುತ್ತೆ ಡಾಕ್ಟ್ರೇ. ನೀವು ಮನೆಗೂ ಅಂಗಡಿಗೂ ಓಡಿಸೋರು. ಇದನ್ನ ಹಾಕಿಸ್ಕೊಳ್ಳಿ." ಟೈರಿನ ಮೇಲಿನ ಆಳವಾದ ಗೀರುಗಳಲ್ಲಿ ಹೆಬ್ಬೆರಳು ಓಡಿಸಿದ. "ನೀರು ಈ ದಾರಿಲಿ ಹೊರಗೆ ಹೋಗುತ್ತೆ. ರಬ್ಬರ್ ತಣ್ಣಗಿದ್ರೂ ರಸ್ತೆ ಬಿಡಲ್ಲ. ನೋಡೋಕೆ ಸಾಧಾರಣ, ಆದ್ರೆ ನಂಬಬಹುದು."

ಡಾಕ್ಟರನ ಕಣ್ಣು ಗೋಡೆಗೆ ತೂಗುಹಾಕಿದ್ದ ಇನ್ನೊಂದರ ಮೇಲಿತ್ತು. ಅಗಲವಾಗಿ, ನುಣ್ಣಗೆ, ಇಲ್ಲೊಂದು ಅಲ್ಲೊಂದು ಗೀರು ಬಿಟ್ಟರೆ ಬೋಳು. "ಅದು?"

"ಅದು ರೇಸಿನೋರಿಗೆ. ಬಿಸಿಯಾದ್ರೆ ಅಂಟು ಹಾಕಿದ ಹಾಗೆ ಹಿಡಿಯುತ್ತೆ. ಒದ್ದೆ ರಸ್ತೆಲಿ ಅದು ಬಿಸಿನೇ ಆಗಲ್ಲ, ನೀರು ಹೋಗೋಕೂ ದಾರಿ ಇಲ್ಲ. ಮಳೆಲಿ ಅದು ಸೋಪಿನ ತುಂಡು."

ಅವನು ತಲೆಯಾಡಿಸಿದ. ಮಾತು ಅಲ್ಲಿಗೆ ಮುಗಿದು ಮಳೆಯ ಟೈರೇ ಗಾಡಿಗೆ ಏರುತ್ತಿತ್ತು. ಆದರೆ ಬೇರೆಲ್ಲಿಗೋ ಹೊರಟಿದ್ದ ಇಬ್ಬರು ಯುವಕರು ಗಾಳಿ ತುಂಬಿಸಿಕೊಳ್ಳಲು ಪಕ್ಕದಲ್ಲೇ ನಿಂತಿದ್ದರು. ಅವರ ಬೈಕುಗಳೂ ಇದೇ ಜಾತಿಯವು. ಅವರಲ್ಲೊಬ್ಬ ನಗುತ್ತ, "ಅಂಕಲ್‌ಗೆ ಅದೇ ಸರಿ ಬಿಡಿ, ಸೇಫ್ ಆಗಿರುತ್ತೆ" ಎಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ 'ಅಂಕಲ್' ಎಂಬ ಮಾತು ಅವನ ಕಿವಿಗೆ ಕಾದ ಸೀಸದಂತೆ ಇಳಿಯಿತು.

"ಗೋಡೆ ಮೇಲಿರೋದನ್ನೇ ಹಾಕಿ" ಎಂದ.

"ಡಾಕ್ಟ್ರೇ, ಮಳೆಗಾಲ..."

"ನಿಮ್ಮ ಕೆಲಸ ಹಾಕೋದು. ಓಡಿಸೋನು ನಾನು."

ಗಾಳಿಯಣ್ಣ, "ಹಾಗಾದ್ರೆ ರಸ್ತೆ ಒಣಗಿದ್ರೆ ಮಾತ್ರ ಗಾಡಿ ತೆಗೀರಿ. ಹಿಂದೆ ಯಾರನ್ನೂ ಕೂರಿಸ್ಕೋಬೇಡಿ" ಎಂದು ಹೇಳಿ ಗಾಡಿಯನ್ನು ಮೇಲೆತ್ತಿದ.

ಹತ್ತು ದಿನ ಬಿಸಿಲಿತ್ತು. ಆ ಹತ್ತು ದಿನವೂ ಅವನು ಬೈಕನ್ನು ಅಂಗಡಿಯ ಗಾಜಿನ ಬಾಗಿಲಿನಿಂದ ಕಾಣುವಂತೆ ನಿಲ್ಲಿಸಿದ. ಹನ್ನೊಂದನೆಯ ದಿನ ಬೆಳಿಗ್ಗೆ ಅಕ್ಕ ಬಟ್ಟೆಯ ಗಂಟು ಹಿಡಿದು ಬಂದಳು. ಯಾರದೋ ಮದುವೆಯ ಕೋಟು, ಹತ್ತು ಗಂಟೆಯೊಳಗೆ ತಲುಪಿಸಬೇಕು, ಬಸ್ಸು ತಪ್ಪಿತ್ತು. ಹೊರಗೆ ತುಂತುರು ಹನಿಯುತ್ತಿತ್ತು.

"ನಿನ್ನ ಕುದುರೆ ಮೇಲೆ ಒಂದ್ಸಲ ನನ್ನನ್ನೂ ಕೂರಿಸ್ಕೊಂಡು ಹೋಗೋ" ಎಂದಳು.

ಟೈರಿನ ಮಾತು ಅವನಿಗೆ ನೆನಪಾಗಲಿಲ್ಲವೆಂದಲ್ಲ. ಚೆನ್ನಾಗಿಯೇ ನೆನಪಾಯಿತು. ಆದರೆ ಮಳೆಯಲ್ಲಿ ಆಗುವುದಿಲ್ಲ ಎಂದರೆ ಅವಳು ಏಕೆ ಎಂದು ಕೇಳುತ್ತಾಳೆ, ಕೇಳಿದರೆ ಏನು ಹೇಳುವುದು? ನಿಧಾನವಾಗಿ ಹೋದರಾಯಿತು ಎಂದುಕೊಂಡ. ನಿಧಾನವಾಗಿಯೇ ಹೋದ. ಮಾರುಕಟ್ಟೆಯ ವೃತ್ತದಲ್ಲಿ ಗಾಡಿಯನ್ನು ಚೂರು ವಾಲಿಸಿದ್ದೇ ತಡ, ರಸ್ತೆಯ ಬಿಳಿ ಪಟ್ಟೆಯ ಮೇಲೆ ಹಿಂದಿನ ಚಕ್ರ ಜಾರಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಇಬ್ಬರೂ ನೆಲದ ಮೇಲಿದ್ದರು. ಅವನ ಮೊಣಕೈ ತರಚಿತು. ಬೀಳುವಾಗ ಬಲಗೈ ಊರಿದ ಅಕ್ಕನ ಮಣಿಕಟ್ಟು ಮುರಿಯಿತು. ಅವಳು ಕೂಗಲಿಲ್ಲ. "ಕೋಟು ನೋಡೋ, ಕೆಸರಾಯ್ತಾ?" ಎಂದಳು.

ಆಸ್ಪತ್ರೆಯಲ್ಲಿ ನರ್ಸು ಕಾಗದ ಹಿಡಿದು, "ಹೇಗಾಯ್ತು?" ಎಂದು ಕೇಳಿದಳು. ಅಕ್ಕನೂ ಅವನತ್ತ ನೋಡಿದಳು. ಆ ನೋಟದಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ಅದನ್ನು ಎದುರಿಸಲಾರದೆ ಅವನ ಬಾಯಿ ತಾನಾಗಿ ಆಡಿಬಿಟ್ಟಿತು.

"ಟೈರಿನೋನು ಮಾಡಿದ ಕೆಲಸ. ನಾನು ಮಳೆ ಟೈರು ಕೇಳಿದ್ದೆ. ಅವನು ಬೇರೇನೋ ಹಾಕ್ಬಿಟ್ಟಿದ್ದಾನೆ."

ಆ ಮಾತು ಅಲ್ಲೇ ಸಾಯುತ್ತದೆಂದು ಅವನು ಎಣಿಸಿದ್ದ. ಅಕ್ಕನನ್ನು ಅಷ್ಟು ವರ್ಷ ನೋಡಿಯೂ ಹಾಗೆ ಎಣಿಸಿದ್ದು ಅವನ ದಡ್ಡತನ. ಮರುದಿನವೇ ಅವಳು ಕೈಗೆ ಪ್ಲಾಸ್ಟರ್ ಹಾಕಿಕೊಂಡು, "ನಡಿ, ಅವನನ್ನ ಕೇಳೋಣ" ಎಂದು ಎದ್ದಳು. ಅವನು ಬೇಡವೆಂದಷ್ಟೂ ಅವಳ ಸಿಟ್ಟು ಏರಿತು. "ನೀನು ಸಾಧು. ನಿನ್ನಂಥೋರು ಸುಮ್ಮನಿರೋದಕ್ಕೇ ಇವರೆಲ್ಲ ಹೀಗೆ ಮಾಡೋದು."

ಗಾಳಿಯಣ್ಣನ ಅಂಗಡಿಯ ಮುಂದೆ ಆರೇಳು ಜನರಿದ್ದರು. ಅಕ್ಕ ಪ್ಲಾಸ್ಟರಿನ ಕೈಯನ್ನು ಎತ್ತಿ ತೋರಿಸಿದಳು. "ಇದು ನನಗೆ ಅನ್ನ ಹಾಕೋ ಕೈ. ಎರಡು ತಿಂಗಳು ಕತ್ತರಿ ಹಿಡಿಯೋ ಹಾಗಿಲ್ಲ. ಕೇಳಿದ್ದೊಂದು, ಹಾಕಿದ್ದೊಂದು! ವಯಸ್ಸಾದ್ಮೇಲೆ ಕಣ್ಣು ಕಾಣದಿದ್ರೆ ಅಂಗಡಿ ಮುಚ್ಚಬೇಕಪ್ಪ, ಜನರ ಕೈಕಾಲು ಮುರೀಬಾರ್ದು."

ಗಾಳಿಯಣ್ಣ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಅವಳ ಹೆಗಲ ಮೇಲಿನಿಂದ ಡಾಕ್ಟರನ ಮುಖವನ್ನು ನೋಡಿದ. ನೋಡುತ್ತಲೇ ನಿಂತ. ಸಿಟ್ಟಿನ ನೋಟವಲ್ಲ ಅದು, ಕಾಯುವ ನೋಟ. ಇವನು ನೆಲದ ಮೇಲಿನ ಗ್ರೀಸಿನ ಕಲೆಯನ್ನು ದಿಟ್ಟಿಸಿದ. ಬಾಯಿ ತೆರೆದರೆ ಸಾಕಿತ್ತು.

ಕೊನೆಗೆ ಗಾಳಿಯಣ್ಣನೇ, "ತಪ್ಪಾಯ್ತಮ್ಮ. ಆ ಟೈರು ಹಾಕಿದ ಕೈ ನನ್ನದೇ. ಹಾಕಬಾರದಿತ್ತು" ಎಂದ. ಅಂದೇ ಎರಡೂ ಟೈರು ಬಿಚ್ಚಿ, ಗೀರುಗಳಿದ್ದ ಟೈರುಗಳನ್ನು ಹಾಕಿಕೊಟ್ಟ. "ಹೊಸ ರಬ್ಬರ್ ಮೊದಮೊದಲು ಜಾರುತ್ತೆ. ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ" ಎಂದು ಎಚ್ಚರಿಕೆಯನ್ನೂ ಹೇಳಿದ. ಅಷ್ಟನ್ನೂ ಬೈಕಿಗೆ ಹೇಳಿದಂತೆ ಹೇಳಿದ. ಡಾಕ್ಟ್ರೇ ಎನ್ನಲಿಲ್ಲ.

ಹೊಲಿಗೆ ಅಂಗಡಿಯ ಸುದ್ದಿಗೆ ಕಾಲಿಲ್ಲ, ರೆಕ್ಕೆ. ಎರಡು ವಾರದಲ್ಲಿ ಅವನ ಅಂಗಡಿಗೆ ಬಂದವರೇ ಅವನಿಗೆ ಹೇಳತೊಡಗಿದರು: "ಗಾಳಿಯಣ್ಣನ ಹತ್ರ ಹೋಗಬೇಡಿ ಅಂತಾರೆ ಡಾಕ್ಟ್ರೇ, ನಿಮಗೇ ಮೋಸ ಮಾಡಿದ್ನಂತೆ?" ಅವನು ಗಾಜು ಒರೆಸುತ್ತ 'ಹ್ಞೂಂ' ಎನ್ನುತ್ತಿದ್ದ. ಊಟ ರುಚಿಸುತ್ತಿರಲಿಲ್ಲ. ಗಾಳಿಯಣ್ಣನ ಬೀದಿ ತಪ್ಪಿಸಿ ಸುತ್ತು ಹಾಕಿ ಮನೆಗೆ ಹೋಗುತ್ತಿದ್ದ. ಹೆಂಡತಿ, "ಬಿದ್ದದ್ದು ಅಕ್ಕ, ಮುಖ ಸೊರಗಿದ್ದು ನಿಮ್ಮದು" ಎಂದರೆ ಸಿಡುಕುತ್ತಿದ್ದ.

ಒಂದು ಮಧ್ಯಾಹ್ನ ಗಾಜಿನ ಬಾಗಿಲು ತಳ್ಳಿಕೊಂಡು ಗಾಳಿಯಣ್ಣನೇ ಒಳಗೆ ಬಂದ.

"ಕಣ್ಣು ನೋಡಿ" ಎಂದ ಗಾಳಿಯಣ್ಣ, ಕುರ್ಚಿಯಲ್ಲಿ ಕೂರುತ್ತ. "ಟೈರಿನ ಮೇಲೆ ಸಣ್ಣಕ್ಷರದಲ್ಲಿ ಇರ್ತದಲ್ಲ, ಯಾವ ವರ್ಷದ್ದು, ಎಷ್ಟು ಗಾಳಿ ಅಂತ, ಅದು ಕಲಸಿ ಹೋಗ್ತಿದೆ. ನಿಮ್ಮಕ್ಕ ಅಂದ ಮೇಲೆ ನನಗೂ ಅನುಮಾನ ಬಂತು. ನಾನೇ ಏನಾದ್ರೂ ತಪ್ಪು ಓದಿ ಹಾಕಿದ್ನೋ ಅಂತ."

ಬೈಯಲು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಈ ಮನುಷ್ಯ ಒಂದು ಸುಳ್ಳಿನ ಮುಂದೆ ತನ್ನ ನೆನಪನ್ನೇ ನಂಬದೆ ಹೋಗಿದ್ದ. ಇವನು ದೀಪ ಆರಿಸಿ, ಪರೀಕ್ಷೆಯ ಚೌಕಟ್ಟನ್ನು ಗಾಳಿಯಣ್ಣನ ಮೂಗಿನ ಮೇಲೆ ಇಟ್ಟ. ಅಷ್ಟು ಹತ್ತಿರ ಬಾಗಿದಾಗ ರಬ್ಬರಿನ ವಾಸನೆ ಬಂತು. ಗಾಜು ಬದಲಿಸುತ್ತ, "ಇದು ಸ್ಪಷ್ಟವೋ, ಅದೋ?" ಎಂದು ಕೇಳಿದ.

"ಎರಡೂ ಹಾಗೇ ಇದೆ. ನೀವು ಯಾವುದು ಹೇಳ್ತೀರೋ ಅದನ್ನ ಹಾಕ್ಕೊಳ್ತೀನಿ. ಇದರಲ್ಲಿ ತಿಳಿದೋರು ನೀವು."

ಕತ್ತಲೆಯಿದ್ದದ್ದು ಒಳ್ಳೆಯದಾಯಿತು. "ನಿಮ್ಮ ಕಣ್ಣಿನದೇನೂ ತಪ್ಪಿಲ್ಲ" ಎಂದ ಅವನು. "ಓದೋಕೆ ಒಂದು ಕನ್ನಡಕ ಸಾಕು. ಅವತ್ತು ನೀವು ಸರಿಯಾಗೇ ಹೇಳಿದ್ರಿ. ನಾನೇ ಹಟ ಮಾಡಿದ್ದು. ಅಕ್ಕನಿಗೆ ಸುಳ್ಳು ಹೇಳ್ದೆ."

ಗಾಳಿಯಣ್ಣ ಚೌಕಟ್ಟನ್ನು ಮೆಲ್ಲಗೆ ತೆಗೆದು ಅವನ ಕೈಗಿಟ್ಟ. "ಅದು ನನಗೆ ಹೇಳಬೇಕಾದ ಮಾತಲ್ಲ" ಎಂದು ಎದ್ದು ಹೋದ.

ಅವನು ಅಂಗಡಿಗೆ ಬೀಗ ಹಾಕಿ ನೇರ ಅಕ್ಕನಲ್ಲಿಗೆ ನಡೆದ. ಅವಳು ಎಡಗೈಯಲ್ಲಿ ಚಾಕ್ ಹಿಡಿದು ಬಟ್ಟೆಯ ಮೇಲೆ ಗೀಟೆಳೆಯಲು ಹೆಣಗುತ್ತಿದ್ದಳು. ಗೀಟು ಸೊಟ್ಟಗೆ ಹೋಗುತ್ತಿತ್ತು. ಮೂವರು ಹೆಂಗಸರು ಅಳತೆ ಕೊಡಲು ಕೂತಿದ್ದರು. ಅವರು ಹೋಗಲಿ ಎಂದು ಕಾಯೋಣವೆನಿಸಿತು. ಕಾದರೆ ಮತ್ತೆ ಬಾಯಿ ಬರುವುದಿಲ್ಲವೆಂದು ಗೊತ್ತಿತ್ತು.

"ಅಕ್ಕ, ಗಾಳಿಯಣ್ಣ ಬೇಡ ಬೇಡ ಅಂದ್ರೂ ಆ ಟೈರು ಹಾಕಿಸ್ಕೊಂಡೋನು ನಾನು. ಯಾರೋ ಅಂಕಲ್ ಅಂದ್ರು ಅಂತ. ಮಳೆಲಿ ಜಾರುತ್ತೆ ಅಂತ ಗೊತ್ತಿದ್ದೇ ನಿನ್ನ ಕೂರಿಸ್ಕೊಂಡೆ."

ಅಳತೆಯ ಟೇಪು ಒಬ್ಬಾಕೆಯ ಕೈಯಿಂದ ಜಾರಿ ಬಿತ್ತು. ಅಕ್ಕ ಚಾಕನ್ನು ಕೆಳಗಿಟ್ಟಳು. ಆಮೇಲೆ, "ಕೈ ಮಾತು ಬಿಡು, ಮೂಳೆ ಕೂಡ್ಕೊಳ್ಳುತ್ತೆ" ಎಂದಳು. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಅಣ್ಣನ ವಯಸ್ಸಿನೋನಿಗೆ ಕಣ್ಣು ಕಾಣಲ್ಲ ಅಂದ್ನಲ್ಲೋ ನಾನು. ನನ್ನ ಬಾಯಲ್ಲಿ ಅದನ್ನ ಆಡಿಸಿ, ಪಕ್ಕದಲ್ಲೇ ನಿಂತು ಕೇಳಿಸ್ಕೊಂಡ್ಯಲ್ಲ ನೀನು!" ಅವಳ ಕಣ್ಣು ತುಂಬಿತ್ತು. ಕೈ ಮುರಿದ ದಿನವೂ ತುಂಬಿರಲಿಲ್ಲ.

ಆಗಲೇ ಹೊರಟರು. ಅವನು ಬೈಕಿನ ಮಾತೆತ್ತಲಿಲ್ಲ, ಅವಳೂ ಕೇಳಲಿಲ್ಲ. ಅವಳು ಮುಂದೆ, ಅವನು ನಾಲ್ಕು ಹೆಜ್ಜೆ ಹಿಂದೆ. ಟೈರಿನ ಅಂಗಡಿಯ ಮುಂದೆ ಈಗ ಇಬ್ಬರೇ ಇದ್ದರು. ಅಕ್ಕ ಅವರ ಎದುರಿಗೇ ಕೈ ಮುಗಿಯಲು ಹೋಗಿ, ಪ್ಲಾಸ್ಟರ್ ಅಡ್ಡ ಬಂದು, ಎಡಗೈಯನ್ನಷ್ಟೇ ಎದೆಗಿಟ್ಟುಕೊಂಡಳು. "ಅಣ್ಣಾ, ವಿಚಾರಿಸದೆ ಬೈದ್ಬಿಟ್ಟೆ. ಹೋದ ಕಡೆಯೆಲ್ಲ ಹೇಳಿದ್ದೀನಿ. ಇನ್ನು ಹೋದ ಕಡೆಯೆಲ್ಲ ಇದನ್ನೂ ಹೇಳ್ತೀನಿ."

"ಬಿಡಮ್ಮ, ನೋವಲ್ಲಿದ್ರಿ" ಎಂದು ಗಾಳಿಯಣ್ಣ ಅವಳಿಗೆ ಸ್ಟೂಲು ಒರೆಸಿ ಕೊಟ್ಟು, ಟೀ ತರಿಸಿದ.

ಅವನೂ ಅಲ್ಲಿದ್ದ ಇಬ್ಬರಿಗೆ ಕೇಳುವಂತೆ ತನ್ನ ತಪ್ಪನ್ನು ಹೇಳಿದ. ಕಲಿತ ಪಾಠ ಒಪ್ಪಿಸಿದ ಹಾಗಾಯಿತು. ಗಾಳಿಯಣ್ಣ ಪೂರ್ತಿ ಕೇಳಿ, "ಅವತ್ತು ನಿಮ್ಮಕ್ಕ ಕರ್ಕೊಂಡು ಬಂದ್ರು, ಬಂದ್ರಿ. ಇವತ್ತೂ ಅವರೇ ಕರ್ಕೊಂಡು ಬಂದ್ರು. ಒಬ್ರೇ ಬರೋಕೆ ಆಗ್ಲಿಲ್ಲ ಅಲ್ವಾ?" ಎಂದ. ದನಿ ಏರಿಸಲಿಲ್ಲ.

ಡಾಕ್ಟರನ ಪಾಲಿನ ಟೀ ಲೋಟ ಪಂಪಿನ ಮೇಲೆ ಆರುತ್ತಿತ್ತು. ಅದನ್ನು ಎತ್ತಿಕೊಳ್ಳಬಹುದೋ ಬಾರದೋ ತಿಳಿಯದೆ ನಿಂತ. ಅಕ್ಕ ತನ್ನ ಲೋಟ ಮುಗಿಸಿ, ಗಾಳಿಯಣ್ಣನಿಗೆ ಹೇಳಿ, ತನ್ನ ಅಂಗಡಿಯ ಕಡೆಗೆ ಹೊರಟಳು. ಅವನು ಬರುತ್ತಿದ್ದಾನೆಯೇ ಎಂದು ತಿರುಗಿ ನೋಡಲಿಲ್ಲ.